ಪರಮಪ್ರಸಾದವನ್ನು ಪ್ರಸಾದ ಮಾಡಬೇಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಗಳಲ್ಲಿ ಆಫ್ರಿಕಾದ ಲೇಖಕರ ಪರಿಚಯ, ಕಾದಂಬರಿಯ ಆಯ್ದ ಭಾಗ, ಅನುವಾದಿತ ಕತೆ ಈಗ ಆಗಾಗ ಕಾಣಿಸುತ್ತಿವೆ. 2021 ಒಂದೇ ವರ್ಷದಲ್ಲಿ ಜಾಂಜಿಬಾರ್‌ನಲ್ಲಿ ಹುಟ್ಟಿದ ಅಬ್ದುಲ್‌ರಜಾಕ್ ಗುರ್ನಾ ಅವರಿಗೆ ನೊಬೆಲ್, ಸೆನೆಗಲ್‌ನ ಮೊಹಮದ್ ಎಂಬುಗಾರ್ ಸಾರ್ ಅವರಿಗೆ ಫ್ರಾನ್ಸಿನ ಗೊಂಕೂರ್, ದಕ್ಷಿಣ ಆಫ್ರಿಕಾದ ಡೇಮನ್ ಗಾಲ್ಗಟ್ ಅವರಿಗೆ ಬೂಕರ್, ಸೆನೆಗಲ್‌ನಲ್ಲಿ ಬೆಳೆದ ಡೇವಿಡ್ ದಿಯೋಪ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಆಸಕ್ತಿ ಏರಿದ್ದು ಸಹಜ. ತಕರಾರು ಆಸಕ್ತಿಯ ಬಗ್ಗೆ ಅಲ್ಲ. ಹತ್ತು ಪರಿಚಯಗಳನ್ನು ಓದಿದರೆ ಹತ್ತರಲ್ಲೂ ‘ಅಸ್ಮಿತೆಯ ಹುಡುಕಾಟ’, ‘ಬೇರುಗಳ ತಲ್ಲಣ’, ‘ಬುಡಕಟ್ಟು ನಂಬಿಕೆ’ ಎಂಬ ಮೂರು ಮಾತು ಸಿಗುತ್ತವೆ. ಕಾದಂಬರಿಗಳ ಒಳಗೆ ಅಸ್ಮಿತೆ ಎಂಬ ಮಾತೇ ಬರುವುದಿಲ್ಲ. ಯಾವ ಭಾಷೆಯಲ್ಲಿ ಪ್ರಾರ್ಥನೆ, ಪಾದ್ರಿ ಯಾವ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಅಜ್ಜನ ಮನೆಯಲ್ಲಿ ಉಣ್ಣಬಹುದೋ ಇಲ್ಲವೋ ಎಂಬಂಥ ಸಣ್ಣ ಸಂಗತಿಗಳಲ್ಲಿ ಅದು ಇರುತ್ತದೆ. ಆ ಸಣ್ಣ ಸಂಗತಿಗಳನ್ನು ಹೇಳುವ ಪದಗಳೇ ಕನ್ನಡಕ್ಕೆ ಬರುವಾಗ ಮೊದಲು ಸಾಯುತ್ತವೆ. ವಿಚಿತ್ರವೆಂದರೆ, ಬಹುಪಾಲು ಪದಗಳಿಗೆ ಕನ್ನಡದಲ್ಲಿ ಹೇಳಿ ಮಾಡಿಸಿದ ಜೋಡಿ ಇದೆ. ನಾವು ಅವನ್ನು ಹುಡುಕುವುದು ನಿಘಂಟಿನಲ್ಲಿ. ಅವು ಇರುವುದು ಪಕ್ಕದ ಬೀದಿಯ ಚರ್ಚಿನಲ್ಲಿ, ಮಸೀದಿಯಲ್ಲಿ, ಊರಿನ ಹಿರಿಯರ ಬಾಯಲ್ಲಿ.

ಚಿಮಮಾಂಡ ಎನ್‌ಗೋಜಿ ಅಡೀಚಿ ಅವರ ಮೊದಲ ಕಾದಂಬರಿ ‘ಪರ್ಪಲ್ ಹಿಬಿಸ್ಕಸ್’ 2003ರದ್ದು. ನೈಜೀರಿಯಾದ ಎನುಗು ಪಟ್ಟಣದ ಸಿರಿವಂತ ಕ್ಯಾಥೊಲಿಕ್ ಮನೆ. ಈಸ್ಟರ್ ಹಬ್ಬಕ್ಕೆ ಮುಂಚಿನ ‘ಗರಿಗಳ ಭಾನುವಾರ’ದಂದು ಮಗ ಜಾಜಾ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪಾದ್ರಿ ಕೊಡುವ ಪವಿತ್ರ ರೊಟ್ಟಿ, ಸ್ವೀಕರಿಸಲು ಹೋಗುವುದಿಲ್ಲ; ತಂದೆ ಯೂಜೀನ್ ತನ್ನ ದಪ್ಪ ಪೂಜಾಗ್ರಂಥವನ್ನು ಅವನತ್ತ ಬೀಸಿ ಎಸೆಯುತ್ತಾನೆ, ಅದು ತಗುಲಿ ಗಾಜಿನ ಕಪಾಟಿನ ಬೊಂಬೆಗಳು ಚೂರಾಗುತ್ತವೆ. ಕಾದಂಬರಿ ಶುರುವಾಗುವುದೇ ಇಲ್ಲಿಂದ. ಈಗ ಇದನ್ನು ‘ಜಾಜಾ ಪ್ರಸಾದ ತೆಗೆದುಕೊಳ್ಳಲಿಲ್ಲ’ ಎಂದು ಬರೆದು ನೋಡಿ. ಓದುಗ ದೇವಸ್ಥಾನದಲ್ಲಿ ನಿಂತಿರುತ್ತಾನೆ. ಹುಡುಗನಿಗೆ ಹೊಟ್ಟೆ ತುಂಬಿತ್ತೇನೋ ಎಂದುಕೊಳ್ಳುತ್ತಾನೆ. ಕನ್ನಡ ಕ್ಯಾಥೊಲಿಕರಿಗೆ ‘ಪರಮಪ್ರಸಾದ’ ಕ್ರಿಸ್ತನ ಶರೀರ. ಅದನ್ನು ತಿರಸ್ಕರಿಸುವುದು ಆ ಮನೆಯಲ್ಲಿ ತಂದೆಯನ್ನೂ ದೇವರನ್ನೂ ಒಂದೇ ಏಟಿಗೆ ತಿರಸ್ಕರಿಸಿದಂತೆ. ‘ಪರಮ’ ಎಂಬ ಮೂರಕ್ಷರ ಬಿಟ್ಟರೆ ಮೊದಲ ಪುಟದಲ್ಲೇ ಕಾದಂಬರಿಯ ಬೆನ್ನು ಮುರಿಯಿತು.

ಹೀಗೆಯೇ ಮಾಸ್‌ ಎಂಬುದಕ್ಕೆ ಬಲಿಪೂಜೆ, ಕನ್ಫೆಶನ್‌ಗೆ ಪಾಪನಿವೇದನೆ, ರೋಸರಿಗೆ ಜಪಸರ, ಲೆಂಟ್‌ಗೆ ತಪಸ್ಸುಕಾಲ, ಕನ್ಫರ್ಮೇಶನ್‌ಗೆ ದೃಢೀಕರಣ. ಕರ್ನಾಟಕದ ಯಾವುದೇ ಧರ್ಮಕೇಂದ್ರದ ಪ್ರಾರ್ಥನಾ ಪುಸ್ತಕದಲ್ಲಿ ಈ ಪದಗಳೆಲ್ಲ ಸಿಗುತ್ತವೆ. ಇದರಲ್ಲಿ ದೃಢೀಕರಣ, ಅಂದರೆ ಬೆಳೆದ ಮಕ್ಕಳು ತಮ್ಮ ವಿಶ್ವಾಸವನ್ನು ಗಟ್ಟಿಮಾಡಿಕೊಳ್ಳುವ ಸಂಸ್ಕಾರ, ಕಾದಂಬರಿಯ ಒಂದು ಮುಖ್ಯ ಜಗಳಕ್ಕೆ ಬೇಕೇ ಬೇಕು. ಯೂಜೀನನ ತಂಗಿ ಇಫಿಯೋಮಾಳ ಮಗಳು ಅಮಾಕಾ ದೃಢೀಕರಣಕ್ಕೆ ಇಂಗ್ಲಿಷ್ ಹೆಸರು ಆರಿಸಿಕೊಳ್ಳಲು ಒಪ್ಪುವುದಿಲ್ಲ. ಚಿಯಮಾಕಾ ಎಂದರೆ ದೇವರು ಸುಂದರ, ಚೀಮಾ ಎಂದರೆ ದೇವರೇ ಬಲ್ಲ, ಚಿಯೆಬುಕಾ ಎಂದರೆ ದೇವರೇ ಹಿರಿಯ. ಇವು ದೇವರನ್ನು ಕೊಂಡಾಡುವುದಿಲ್ಲವೇ, ಪೌಲ್ ಪೀಟರ್ ಎಂಬುವೇ ಆಗಬೇಕೇ ಎಂಬುದು ಅವಳ ವಾದ. ಕೊನೆಗೆ ಅವಳಿಗೆ ದೃಢೀಕರಣ ಆಗುವುದೇ ಇಲ್ಲ. ಇಲ್ಲಿ ‘ನಾಮಕರಣ’ ಎಂದು ಬರೆದವರು ಹದಿನೈದರ ಹುಡುಗಿಯನ್ನು ತೊಟ್ಟಿಲಿಗೆ ಹಾಕಿದ ಹಾಗೆ.

ಭಾಷೆಯ ಜಗಳವೂ ಇದೆ. ಎನುಗುವಿನ ಬಿಳಿಯ ಪಾದ್ರಿ ಫಾದರ್ ಬೆನೆಡಿಕ್ಟ್ ಪ್ರಕಾರ ವಿಶ್ವಾಸ ಸಂಗ್ರಹ ಎಂಬ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲೇ ಹೇಳಬೇಕು. ಅಲ್ಲಿನ ಜನರ ಭಾಷೆ ಇಗ್ಬೋದ ಹಾಡಿಗೆ ಕಾಣಿಕೆ ಅರ್ಪಣೆಯ ಹೊತ್ತಿನಲ್ಲಿ ಮಾತ್ರ ಜಾಗ. ಬೆಂಗಳೂರಿನ ಚರ್ಚುಗಳಲ್ಲಿ ಪೂಜೆ ಕನ್ನಡದಲ್ಲೋ ತಮಿಳಿನಲ್ಲೋ ಕೊಂಕಣಿಯಲ್ಲೋ ಎಂಬ ತಿಕ್ಕಾಟ ದಶಕಗಳಷ್ಟು ಹಳೆಯದು. ಆ ತಿಕ್ಕಾಟ ಗೊತ್ತಿರುವ ಕನ್ನಡಿಗನಿಗೆ ಈ ಪುಟಗಳನ್ನು ವಿವರಿಸುವ ಅಗತ್ಯವಿಲ್ಲ. ಆದರೆ ಅನುವಾದದಲ್ಲಿ ಇಗ್ಬೋ ಹಾಡಿನ ಸಾಲುಗಳನ್ನೂ ಕನ್ನಡ ಮಾಡಿಬಿಟ್ಟರೆ ಯಾವ ಭಾಷೆ ಯಾವುದನ್ನು ತಳ್ಳುತ್ತಿದೆ ಎಂಬುದೇ ಕಾಣದು. ಹಾಡನ್ನು ಇಗ್ಬೋದಲ್ಲೇ ಕನ್ನಡ ಲಿಪಿಯಲ್ಲಿ ಬಿಡಿ. ಅರ್ಥ ತಿಳಿಯದ ನಾಲ್ಕು ಸಾಲಿನಿಂದ ಓದುಗ ಸಾಯುವುದಿಲ್ಲ.

ಇನ್ನು ಅಜ್ಜ, ಪಾಪಾ-ನ್ನುಕ್ವು. ಆತ ಕ್ರೈಸ್ತನಾಗಲಿಲ್ಲ ಎಂಬ ಕಾರಣಕ್ಕೆ ಮೊಮ್ಮಕ್ಕಳಿಗೆ ಅವನ ಮನೆಯಲ್ಲಿ ಇರಲು ತಂದೆ ಕೊಡುವುದು 15 ನಿಮಿಷ. ಏನನ್ನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಮುಂದೊಂದು ಬೆಳಿಗ್ಗೆ ಆ ಅಜ್ಜ ವರಾಂಡದಲ್ಲಿ ಕೂತು ನೆಲದ ಮೇಲೆ ಬಿಳಿ ಗೆರೆ ಎಳೆಯುತ್ತ, ನಾನು ಯಾರಿಗೂ ಕೇಡು ಬಗೆದಿಲ್ಲ ಎಂದು ಒಪ್ಪಿಸುತ್ತ, ತನ್ನನ್ನು ದೂರ ಇಟ್ಟ ಮಗನಿಗೂ ಒಳಿತು ಬೇಡುವುದನ್ನು ಮೊಮ್ಮಗಳು ಕಾಂಬಿಲಿ ಕದ್ದು ನೋಡುತ್ತಾಳೆ. ಆ ಗೆರೆಯ ವಸ್ತು ‘ನ್ಜು’, ಒಂದು ಬಗೆಯ ಬಿಳಿ ಜೇಡಿ. ಕೈ ತಾನಾಗಿ ‘ರಂಗೋಲಿ’ ಎಂದು ಬರೆಯಲು ಹೋಗುತ್ತದೆ. ತಡೆಯಬೇಕು. ರಂಗೋಲಿ ಮನೆಯ ಅಲಂಕಾರ; ಇದು ಲೆಕ್ಕ ಒಪ್ಪಿಸುವ ಗೆರೆ. ‘ಬಿಳಿ ಜೇಡಿಯಲ್ಲಿ ಗೆರೆ ಎಳೆದ’ ಎಂದರೆ ಸಾಕು. ಯೂಜೀನನ ಬಾಯಲ್ಲಿ ಬರುವ ‘ಹೀದನ್’ ಎಂಬ ಬೈಗುಳಕ್ಕೆ ಕೆಲವರು ‘ಅನ್ಯಧರ್ಮೀಯ’ ಎನ್ನುತ್ತಾರೆ. ಅದು ಸರ್ಕಾರಿ ಅರ್ಜಿಯ ಪದ. ಕನ್ನಡ ಬೈಬಲ್ಲಿನ ‘ಅನ್ಯಜನ’ಕ್ಕೆ ಬೇಕಾದಷ್ಟು ಮೊನೆ ಇದೆ.

ಕ್ರೈಸ್ತ ಕನ್ನಡವೂ ಒಂದೇ ಅಲ್ಲ ಎಂಬುದನ್ನು ಮರೆತಾಗ ಇನ್ನೊಂದು ಬಗೆಯ ತಪ್ಪಾಗುತ್ತದೆ. ಘಾನಾದಲ್ಲಿ ಹುಟ್ಟಿ ಅಮೆರಿಕದ ಅಲಬಾಮಾದಲ್ಲಿ ಬೆಳೆದ ಯಾ ಜ್ಯಾಸಿ ಅವರ ‘ಟ್ರಾನ್ಸೆಂಡೆಂಟ್ ಕಿಂಗ್‌ಡಮ್’ 2020ರದ್ದು. ನಾಯಕಿ ಗಿಫ್ಟಿ ಮಿದುಳಿನ ವಿಜ್ಞಾನದ ಸಂಶೋಧಕಿ. ಅಣ್ಣ ನೋವುನಿವಾರಕ ಮಾತ್ರೆಯಿಂದ ಹೆರಾಯಿನ್‌ಗೆ ಜಾರಿ ಸತ್ತಿದ್ದಾನೆ, ತಾಯಿ ಹಾಸಿಗೆ ಬಿಟ್ಟು ಏಳುವುದಿಲ್ಲ. ಅವರ ಸಭೆ, ಅಂದರೆ ಚರ್ಚಿನ ಪಂಗಡ, ಪೆಂಟೆಕೊಸ್ಟಲ್. ಅಲ್ಲಿ ಬಲಿಪೂಜೆ ಇಲ್ಲ, ಜಪಸರ ಇಲ್ಲ. ಆರಾಧನೆ ಇದೆ, ಸಭಾಪಾಲಕರಿದ್ದಾರೆ, ಪವಿತ್ರಾತ್ಮ ಇಳಿಯುವುದಿದೆ, ಆ ಆವೇಶದಲ್ಲಿ ‘ಅನ್ಯಭಾಷೆಗಳಲ್ಲಿ ಮಾತನಾಡುವುದು’ ಇದೆ. ಈ ಕೊನೆಯದನ್ನು ‘ವಿಚಿತ್ರ ಭಾಷೆಯಲ್ಲಿ ಬಡಬಡಿಸಿದಳು’ ಎಂದು ಬರೆದರೆ ಲೇಖಕಿ ಮಾಡದ ಗೇಲಿಯನ್ನು ಅನುವಾದಕ ಮಾಡಿದಂತಾಯಿತು. ಕೆಲಸದ ಕ್ರಮ ಸರಳ: ಪುಸ್ತಕ ಕೈಗೆತ್ತಿಕೊಂಡ ದಿನವೇ ಅದರ ಸಭೆ ಯಾವುದು ಎಂದು ಗೊತ್ತುಮಾಡಿಕೊಂಡು, ಆ ಸಭೆಯ ಕನ್ನಡದ ಪ್ರಾರ್ಥನಾ ಪುಸ್ತಕ ಇಲ್ಲವೇ ಹಾಡಿನ ಪುಸ್ತಕ ತಂದು, ಮೂವತ್ತು ನಲವತ್ತು ಪದಗಳ ಪಟ್ಟಿ ಬರೆದುಕೊಳ್ಳುವುದು. ಅರ್ಧ ದಿನದ ಕೆಲಸ. ಇಷ್ಟು ಮಾಡಿದವರ ಅನುವಾದ ಯಾವುದು, ಮಾಡದವರ ಅನುವಾದ ಯಾವುದು ಎಂದು ಮೂರನೇ ಪುಟದಲ್ಲೇ ಹೇಳಬಹುದು.

ಮುಸ್ಲಿಂ ಜಗತ್ತಿನ ಕಾದಂಬರಿಗಳಲ್ಲಿ ಸಮಸ್ಯೆ ತುಸು ಬೇರೆ. ಸುಡಾನಿನ ಲೈಲಾ ಅಬುಲೇಲಾ 1964ರಲ್ಲಿ ಕೈರೊದಲ್ಲಿ ಹುಟ್ಟಿ, ಖಾರ್ಟೂಮ್‌ನಲ್ಲಿ ಬೆಳೆದು, 1990ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಸೇರಿದವರು. ಆಫ್ರಿಕಾದ ಸಣ್ಣಕತೆಗಳಿಗೆ ಕೊಡುವ ಕೇನ್ ಪ್ರಶಸ್ತಿ 2000ದಲ್ಲಿ ಶುರುವಾದಾಗ ಅದರ ಮೊದಲ ವಿಜೇತೆ. ಅವರ ಬಗ್ಗೆ ಬರೆಯುವವರು ‘ಧಾರ್ಮಿಕ ಕಟ್ಟುಪಾಡಿನಲ್ಲಿ ನರಳುವ ಹೆಣ್ಣು’ ಎಂಬ ಸಿದ್ಧ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಪುಸ್ತಕ ತೆರೆದರೆ ಅಲ್ಲಿರುವುದು ತಿರುಗುಮುರುಗು. 2005ರ ‘ಮಿನರೆಟ್’ ಕಾದಂಬರಿಯ ನಜ್ವಾ ಖಾರ್ಟೂಮಿನ ಮೇಲ್ವರ್ಗದ, ಪಾಶ್ಚಾತ್ಯ ಉಡುಗೆಯ, ಪ್ರಾರ್ಥನೆಯ ಗೋಜಿಲ್ಲದ ಹುಡುಗಿ. ಸರ್ಕಾರ ಉರುಳಿ, ತಂದೆಗೆ ಗಲ್ಲಾಗಿ, ಲಂಡನ್ನಿಗೆ ಬಂದು, ಕೊನೆಗೆ ಮನೆಗೆಲಸದವಳಾದ ಮೇಲೆ ಅವಳು ಮಸೀದಿಗೆ ಹೋಗತೊಡಗುತ್ತಾಳೆ, ತಲೆವಸ್ತ್ರ ಹಾಕುತ್ತಾಳೆ. ದೇಶ, ವರ್ಗ, ಕುಟುಂಬ ಮೂರೂ ಕೈಬಿಟ್ಟವಳಿಗೆ ಮಸೀದಿಯ ಹೆಂಗಸರ ಕೋಣೆಯೇ ಊರು. ಹಾಗೆಂದು ಕಾದಂಬರಿ ಧರ್ಮಪ್ರಚಾರವೂ ಅಲ್ಲ. ನಜ್ವಾ ಕೆಲಸ ಮಾಡುವ ಮನೆಯ ಹುಡುಗ ತಾಮೆರ್‌ನ ಮೇಲಿನ ಅವಳ ಪ್ರೀತಿ ಯಾವ ನೀತಿಬೋಧೆಗೂ ಸರಿಹೊಂದುವುದಿಲ್ಲ. 1999ರ ‘ದಿ ಟ್ರಾನ್ಸ್‌ಲೇಟರ್’ನಲ್ಲಿ ವಿಧವೆ ಸಮ್ಮಾರ್‌ ಪ್ರೀತಿಸಿದ ಸ್ಕಾಟಿಷ್ ವಿದ್ವಾಂಸನಿಗೆ ಇಸ್ಲಾಮಿನ ಬಗ್ಗೆ ಎಲ್ಲ ಗೊತ್ತು, ನಂಬಿಕೆ ಮಾತ್ರ ಇಲ್ಲ. ಮದುವೆ ನಿಂತಿರುವುದು ಅವನ ಬಾಯಿಂದ ಬರಬೇಕಾದ, ಇಸ್ಲಾಮನ್ನು ಒಪ್ಪುವ ಒಂದು ವಾಕ್ಯದ ಮೇಲೆ. ಕನ್ನಡ ಮುಸ್ಲಿಮರು ಅದನ್ನು ಕಲಿಮಾ ಎನ್ನುತ್ತಾರೆ. ‘ಇಸ್ಲಾಂ ಪ್ರಮಾಣವಚನ’ ಎಂದು ಬರೆದರೆ ಮಂತ್ರಿಮಂಡಲದ ನೆನಪಾಗುತ್ತದೆ.

ಬಟ್ಟೆಯ ವಿಷಯ: 2022ರ ಗಲಾಟೆಯ ನಂತರವಾದರೂ ಹಿಜಾಬ್, ನಿಕಾಬ್, ಬುರ್ಖಾ ಮೂರೂ ಬೇರೆ ಎಂಬುದು ಕನ್ನಡ ಪತ್ರಿಕಾ ಕಚೇರಿಗಳಿಗೆ ಗೊತ್ತಿರಬೇಕು. ನಜ್ವಾಗೆ ಬುರ್ಖಾ ತೊಡಿಸಿದ ಪರಿಚಯಲೇಖನಗಳಿವೆ. ಸುಡಾನಿನ ಹಿರಿಯ ಹೆಂಗಸರು ಮೈಗೆ ಸುತ್ತುವ ‘ತೋಬ್’ ಸುಮಾರು ನಾಲ್ಕೂವರೆ ಮೀಟರ್ ಉದ್ದದ, ಹೊಲಿಗೆಯಿಲ್ಲದ ಬಟ್ಟೆ. ನೋಡಲು ಸೀರೆಯ ಸೋದರಿ. ಆದರೂ ‘ಸೀರೆ’ ಎಂದು ಬರೆಯುವಂತಿಲ್ಲ, ಏಕೆಂದರೆ ತೋಬ್ ಉಟ್ಟ ತಾಯಿ, ಸ್ಕರ್ಟ್ ತೊಟ್ಟ ಮಗಳು, ಆಮೇಲೆ ಹಿಜಾಬ್ ಹಾಕಿದ ಅದೇ ಮಗಳು ಎಂಬ ಮೂರು ಮೆಟ್ಟಿಲಲ್ಲಿ ಮೊದಲ ಮೆಟ್ಟಿಲೇ ಧಾರವಾಡಕ್ಕೆ ಜಾರುತ್ತದೆ.

ಗುರ್ನಾ ಅವರ ಪೂರ್ವ ಆಫ್ರಿಕಾದ ಕರಾವಳಿ ನಮಗೆ ನಿಜಕ್ಕೂ ಹತ್ತಿರದ್ದು. ಮಳೆಗಾಳಿ ಹಿಡಿದು ಮಂಗಳೂರು, ಕಾರವಾರ, ಗುಜರಾತಿನ ದಡದಿಂದ ಹಡಗುಗಳು ಆ ಕಡೆ ಹೋಗಿ ಬರುತ್ತಿದ್ದ ನೀರು ಅದು. ಅಲ್ಲಿನ ಭಾಷೆ ಸ್ವಾಹಿಲಿಯ ದುಕಾ ನಮ್ಮ ದುಕಾನು, ಕಿತಾಬು ಕಿತಾಬೇ, ಹೆಸಾಬು ಹಿಸಾಬು, ದುನಿಯಾ ದುನಿಯಾ, ವಕೀಲಿ ವಕೀಲ. ಅವರ ‘ಗಾರಿ’ ಇಲ್ಲಿಂದಲೇ ಹೋದ ಗಾಡಿ. ಇಂಗ್ಲಿಷ್ ಅನುವಾದಕ ಅಡಿಟಿಪ್ಪಣಿ ಹಾಕಬೇಕಾದಲ್ಲಿ ಕನ್ನಡದವನು ಸುಮ್ಮನೆ ಮುಂದೆ ಹೋಗಬಹುದು. ‘ಬೈ ದ ಸೀ’ ಕಾದಂಬರಿಯ ಸಾಲೆಹ್ ಒಮರ್ ಬೇರೊಬ್ಬನ ಹೆಸರಿನ ಪಾಸ್‌ಪೋರ್ಟ್ ಹಿಡಿದು ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾನೆ. ಚೀಲದಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ ಊದ್-ಅಲ್-ಖಮಾರಿ ಎಂಬ ಸುಗಂಧದ ಮರದ ಚೂರು. ಅಧಿಕಾರಿ ಅದನ್ನು ಇಟ್ಟುಕೊಂಡುಬಿಡುತ್ತಾನೆ. ಆ ‘ಊದ್’ ಮೈಸೂರಿನ ಊದುಬತ್ತಿಯ ಊದೇ. ಇದನ್ನು ‘ಧೂಪ’ ಎಂದು ಸಂಸ್ಕೃತಕ್ಕೆ ಎಳೆದವರು ಹತ್ತಿರದ ನೆಂಟನನ್ನು ಮನೆಯಿಂದ ಹೊರಗೆ ಹಾಕಿದ ಹಾಗೆ.

ಆದರೆ ಹತ್ತಿರವಾದ ಪದವೇ ದಾರಿ ತಪ್ಪಿಸುವುದೂ ಉಂಟು. ಸ್ವಾಹಿಲಿಯಲ್ಲಿ ‘ಸಫಾರಿ’ ಎಂದರೆ ಯಾವುದೇ ಪಯಣ. ಕನ್ನಡ ಓದುಗ ಆ ಪದ ಕಂಡೊಡನೆ ಬಂಡೀಪುರದ ಜೀಪ್ ಹತ್ತುತ್ತಾನೆ. ಅಲ್ಲಿ ‘ಪಯಣ’ ಎಂದೇ ಬರೆಯಬೇಕು. ಗುರ್ನಾ ಅವರದೇ 1994ರ ‘ಪ್ಯಾರಡೈಸ್’ನಲ್ಲಿ ಹನ್ನೆರಡು ವರ್ಷದ ಯೂಸುಫ್‌ನನ್ನು ತಂದೆ ಸಾಲಕ್ಕೆ ಪ್ರತಿಯಾಗಿ ವ್ಯಾಪಾರಿ ಅಜೀಜ್‌ಗೆ ಕೊಡುತ್ತಾನೆ. ‘ಜೀತ’ ಎಂಬ ಪದ ನಾಲಗೆಯ ತುದಿಯಲ್ಲೇ ಇರುತ್ತದೆ. ಅದು ಹೊಲ, ಗೌಡ, ಕೊಟ್ಟಿಗೆಗಳ ಚಿತ್ರ ತರುತ್ತದೆ. ಹುಡುಗ ಇರುವುದು ಅಂಗಡಿಯಲ್ಲಿ. ಸ್ವಾಹಿಲಿಯ ‘ರೆಹಾನಿ’ಗೆ ಸರಿಯಾದದ್ದು ‘ಒತ್ತೆ’. ಒಡವೆಯನ್ನು ಒತ್ತೆ ಇಡುವ ಹಾಗೆ ಹುಡುಗನನ್ನು ಇಟ್ಟಿದ್ದಾರೆ, ಅವನು ಮಾತ್ರ ಅಜೀಜ್‌ನನ್ನು ಮಾಮ ಎಂದೇ ಕರೆಯುತ್ತಾನೆ. ಅಂಗಡಿಯ ಹಿರಿಯ ಹುಡುಗ ಖಲೀಲ್ ‘ಅವರು ನಿನ್ನ ಮಾಮ ಅಲ್ಲ’ ಎಂದು ಮತ್ತೆ ಮತ್ತೆ ತಿದ್ದುತ್ತಾನೆ. ಆ ಒಂದು ಸಂಬೋಧನೆಯಲ್ಲಿ ನೆಂಟಸ್ತಿಕೆಯೋ ಗುಲಾಮಗಿರಿಯೋ ಎಂಬುದೆಲ್ಲ ಇದೆ. ಮುಂದೆ ಯಜಮಾನಿ ಯೂಸುಫ್‌ನ ಅಂಗಿಯನ್ನು ಹಿಂದಿನಿಂದ ಹರಿಯುತ್ತಾಳೆ. ಯಜಮಾನನ ಹೆಂಡತಿ ಸುಳ್ಳು ದೂರು ಹೊರಿಸಿದ, ಕುರಾನಿನ ಯೂಸುಫ್‌ ನಿರಪರಾಧಿ ಎಂದು ಗೊತ್ತಾಗುವುದು ಅಂಗಿ ಹಿಂದಿನಿಂದ ಹರಿದಿತ್ತು ಎಂಬ ಸಾಕ್ಷಿಯಿಂದ. ವಾಕ್ಯ ಚುರುಕಾಗಲಿ ಎಂದು ಸಂಕಲನಕಾರರು ‘ಹಿಂದಿನಿಂದ’ ಎಂಬುದನ್ನು ಹೊಡೆದುಹಾಕಿದರೆ ಮುಗಿಯಿತು.

ಇಲ್ಲಿ ಒಂದು ಎಚ್ಚರಿಕೆ. ಆಫ್ರಿಕಾ ಎಂದೊಡನೆ ‘ನಮ್ಮ ಸಿದ್ದಿಗಳ ಹಾಗೆ’ ಎಂಬ ಮಾತು ಪರಿಚಯಗಳಲ್ಲಿ ನುಸುಳುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿಗಳಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ. ನಂಬಿಕೆ ಮತ್ತು ನೆಲೆಯ ಪ್ರಶ್ನೆಯನ್ನು ಅವರ ಬದುಕಿನಲ್ಲಿ ಕೇಳಲು ಬೇಕಾದಷ್ಟಿದೆ. ಆದರೆ ಅವರ ಪೂರ್ವಿಕರು ಬಂದದ್ದು ಶತಮಾನಗಳ ಹಿಂದೆ, ಆಫ್ರಿಕಾದ ಪೂರ್ವ ದಡದಿಂದ. ಅಡೀಚಿಯ ಇಗ್ಬೋ ಸೀಮೆ ಖಂಡದ ಪಶ್ಚಿಮ ಭಾಗದಲ್ಲಿದೆ. ಗುರ್ನಾ ಅವರನ್ನು ಓದುವಾಗ ಸಿದ್ದಿಗಳು ನೆನಪಾದರೆ ಅರ್ಥವಿದೆ. ನೈಜೀರಿಯಾದ ಲಾಗೋಸಿನ ಕತೆಯಲ್ಲಿ ನೆನಪಾದರೆ ಅದು ಬರೀ ಬಣ್ಣದ ನೆನಪು.

‘ಬುಡಕಟ್ಟು’ ಎಂಬ ಪದವನ್ನಂತೂ ಕೆಲಕಾಲ ಬೀಗ ಹಾಕಿ ಇಡುವುದು ಒಳ್ಳೆಯದು. ನೈಜೀರಿಯಾದ ಕಡೆಯ ಹೌಸಾ ಭಾಷೆ ಮಾತನಾಡುವವರ ಸಂಖ್ಯೆ ಕನ್ನಡ ಮಾತನಾಡುವವರಿಗಿಂತ ಕಡಿಮೆಯಿಲ್ಲ. ಕನ್ನಡಿಗರನ್ನು ಯಾರಾದರೂ ಬುಡಕಟ್ಟು ಎಂದು ಬರೆದರೆ ನಿಮ್ಮ ವಾಚಕರ ವಾಣಿಗೆ ಎಷ್ಟು ಪತ್ರ ಬರಬಹುದು? ಯೊರುಬಾ, ಇಗ್ಬೋ, ಹೌಸಾ ಎಂದಷ್ಟೇ ಬರೆಯಿರಿ, ಬೇಕಾದರೆ ‘ಜನ’ ಎನ್ನಿ. ಉಗಾಂಡಾದ ಜೆನಿಫರ್ ನನ್ಸುಬುಗಾ ಮಕುಂಬಿ ಅವರ ‘ಕಿಂಟು’ ಕಾದಂಬರಿ 1750ರಲ್ಲಿ ತಗುಲಿದ ಒಂದು ಶಾಪವನ್ನು ಇಂದಿನ ಕಂಪಾಲದವರೆಗೆ ಹಿಡಿದು ತರುತ್ತದೆ. ಅಲ್ಲಿನ ಬುಗಾಂಡ ಸೀಮೆಯ ಜನರಲ್ಲಿ ಐವತ್ತಕ್ಕೂ ಹೆಚ್ಚು ಕುಲಗಳಿವೆ. ಒಂದೊಂದಕ್ಕೂ ಸಿಂಹ, ಕೋತಿ, ಜಿಂಕೆ, ಮೀನು ಹೀಗೆ ಒಂದು ಕುಲಚಿಹ್ನೆ. ತನ್ನ ಚಿಹ್ನೆಯನ್ನು ತಿನ್ನುವಂತಿಲ್ಲ, ತನ್ನ ಕುಲದೊಳಗೆ ಮದುವೆಯಾಗುವಂತಿಲ್ಲ. ಇದು ಗೋತ್ರವಲ್ಲ, ಬುಡಕಟ್ಟೂ ಅಲ್ಲ. ಹಳೆ ಮೈಸೂರಿನ ‘ಬೆಡಗು’, ಕರಾವಳಿಯ ‘ಬಳಿ’ ಎಂದರೆ ಇದೇ. ಇಂಗ್ಲಿಷಿಗೆ ಇಲ್ಲದ ಭಾಗ್ಯ ಇದು. ಅವಳಿ ಮಕ್ಕಳಿಗೂ ಅಲ್ಲಿ ಕಟ್ಟಿಟ್ಟ ಹೆಸರುಗಳಿವೆ: ಗಂಡಾದರೆ ಮೊದಲು ಹುಟ್ಟಿದವನು ವಾಸ್ವಾ, ನಂತರದವನು ಕಾಟೊ, ಹೆಣ್ಣಾದರೆ ಬಬಿರ್ಯೆ, ನ್ನಕಾಟೊ. ಹೆತ್ತವರ ಹೆಸರೂ ಬದಲಾಗಿ ತಾಯಿ ನ್ನಲೊಂಗೊ, ತಂದೆ ಸ್ಸಲೊಂಗೊ ಆಗುತ್ತಾರೆ. ಓದುಗರಿಗೆ ಕಷ್ಟ ಎಂದು ಹೆಸರು ಮೊಟಕು ಮಾಡಿದರೆ ಯಾರು ಯಾರ ಅವಳಿ ಎಂಬ ಎಳೆ ಕಳಚಿಹೋಗುತ್ತದೆ, ಮತ್ತು ಆ ಕಾದಂಬರಿ ನಿಂತಿರುವುದೇ ಆ ಎಳೆಯ ಮೇಲೆ.

ಎಲ್ಲಕ್ಕಿಂತ ಹೆಚ್ಚು ಕಾಡುವ ಪದ ಇಗ್ಬೋದ ‘ಚಿ’. ಒಬ್ಬೊಬ್ಬರಿಗೂ ಜೊತೆಗಿದ್ದು ಕಾಯುವ ಒಂದೊಂದು ಚಿ. ಚಿಗೋಜಿ ಒಬಿಯೋಮಾ ಅವರ 2019ರ ‘ಆನ್ ಆರ್ಕೆಸ್ಟ್ರಾ ಆಫ್ ಮೈನಾರಿಟೀಸ್’ನಲ್ಲಿ ಕತೆ ಹೇಳುವುದೇ ಕೋಳಿ ಸಾಕುವ ಚಿನೊನ್ಸೊ ಎಂಬವನ ಚಿ; ತನ್ನವನ ತಪ್ಪಿಗಾಗಿ ಅದು ಪರಮದೈವ ಚುಕ್ವುವಿನ ಮುಂದೆ ವಕಾಲತ್ತು ಮಾಡುತ್ತಿದೆ. ಇದು ‘ದೇವರು’ ಆದರೆ ಯಾರ ಮುಂದೆ ಬೇಡುತ್ತಿದೆ? ‘ಆತ್ಮ’ ಎಂದರೆ ಗೀತೆ ಬಂದು ಕೂರುತ್ತದೆ. ‘ಹಣೆಬರಹ’ ಎಂದರೆ ತಲೆಕೆಳಗು, ಏಕೆಂದರೆ ಹಣೆಬರಹ ಅಳಿಸಲಾಗದ್ದು. ಮನುಷ್ಯ ಹೂಂ ಎಂದರೆ ಅವನ ಚಿಯೂ ಹೂಂ ಎನ್ನುತ್ತದೆ ಎಂಬುದು ಇಗ್ಬೋ ಗಾದೆ. ‘ಚಿ’ ಎಂದೇ ಬಿಡಬೇಕು. ಕನ್ನಡದಲ್ಲಿ ‘ಛೀ’ ಎಂದು ಕೇಳಿಸೀತು ಎಂಬ ಹೆದರಿಕೆ ಬೇಡ. ಇಪ್ಪತ್ತನೇ ಪುಟದ ಹೊತ್ತಿಗೆ ಕಿವಿ ಒಗ್ಗುತ್ತದೆ.

‘ಓಗ್ಬಾಂಜೆ’ಯೂ ಹಾಗೆಯೇ. ಹುಟ್ಟಿ ಸತ್ತು, ಅದೇ ತಾಯಿಯ ಹೊಟ್ಟೆಯಲ್ಲಿ ಮತ್ತೆ ಹುಟ್ಟಿ ಕಾಡುವ ಮಗು. ಯೊರುಬಾ ಜನ ಇದನ್ನೇ ‘ಅಬಿಕು’ ಎನ್ನುತ್ತಾರೆ. ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪ, ಗುಂಡ ಎಂದು ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸುವ ರೂಢಿ ನಮ್ಮಲ್ಲಿದೆ. ಇಗ್ಬೋ ತಾಯಂದಿರು ‘ಸಾವೇ, ನಿನ್ನ ಕಾಲಿಗೆ ಬೀಳುತ್ತೇನೆ’ ಎಂಬ ಅರ್ಥದ ಹೆಸರನ್ನೇ ಮಗುವಿಗೆ ಇಟ್ಟದ್ದುಂಟು. ಅಕ್ವಾಯಿಕೆ ಎಮೆಜಿ ಅವರ 2018ರ ‘ಫ್ರೆಶ್‌ವಾಟರ್’ನಲ್ಲಿ ಆಡಾ ಎಂಬವಳೊಳಗಿನ ಓಗ್ಬಾಂಜೆಗಳೇ ‘ನಾವು’ ಎಂದು ಕತೆ ಹೇಳುತ್ತವೆ. ನಡುವೆ ಯೇಸುವೂ ‘ಯಶ್ವಾ’ ಎಂಬ ಹೆಸರಿನಲ್ಲಿ ಬಂದು ಹೋಗುತ್ತಾನೆ. ‘ದೆವ್ವ ಹಿಡಿದವಳ ಕತೆ’ ಎಂದರೂ ತಪ್ಪು, ‘ಮನೋರೋಗಿಯ ಕತೆ’ ಎಂದರೂ ತಪ್ಪು. ತುಳುನಾಡಿನ ಅನುವಾದಕರು ‘ದೈವ’ ಎಂಬ ಪದಕ್ಕೆ ಕೈಹಾಕಬಹುದು. ಮೈಮೇಲೆ ಬಂದ ದೈವ ಆಮೇಲೆ ಇಳಿದು ಹೋಗುತ್ತದೆ, ಇವು ಹೋಗುವುದಿಲ್ಲ. ಎಮೆಜಿ ಅವರ ತಂದೆ ಇಗ್ಬೋ, ತಾಯಿ ಮಲೇಷಿಯಾದ ತಮಿಳರು. ತಮ್ಮನ್ನು ಹೆಣ್ಣೆಂದೋ ಗಂಡೆಂದೋ ಕರೆಯುವುದು ಅವರಿಗೆ ಒಪ್ಪಿಗೆಯಿಲ್ಲ. ಇಂಗ್ಲಿಷ್ ಪತ್ರಿಕೆಗಳು ಸರ್ವನಾಮಕ್ಕಾಗಿ ಒದ್ದಾಡಿದವು; ಕನ್ನಡದ ‘ಅವರು’ ಆ ಕೆಲಸವನ್ನು ಬೆವರಿಲ್ಲದೆ ಮಾಡುತ್ತದೆ. ‘ಲೇಖಕಿ’ ಎಂದು ಬರೆಯದಿದ್ದರೆ ಆಯಿತು.

ಹೊರಗಿನ ಪದಗಳನ್ನು ಹೀಗೆ ಬಿಡುತ್ತಾ ಹೋದರೆ ಪುಟ ತುಂಬ ಓರೆ ಅಕ್ಷರ, ಕೆಳಗೆಲ್ಲ ಟಿಪ್ಪಣಿ ಆಗುವುದಿಲ್ಲವೇ ಎಂದು ಕೇಳಬಹುದು. ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ಇಡೀ ಕರ್ನಾಟಕ ಸಂಭ್ರಮಿಸಿತು. ಆ ಇಂಗ್ಲಿಷ್ ಪುಸ್ತಕದಲ್ಲಿ ಕನ್ನಡ, ಉರ್ದು, ಅರಬಿ ಪದಗಳಿಗೆ ಓರೆ ಅಕ್ಷರವೂ ಇಲ್ಲ, ಅಡಿಟಿಪ್ಪಣಿಯೂ ಇಲ್ಲ. ನಮ್ಮ ಪದಗಳಿಗೆ ಲಂಡನ್ನಿನಲ್ಲಿ ಕೇಳಿಕೊಂಡ ಮರ್ಯಾದೆಯನ್ನು ಇಗ್ಬೋ, ಸ್ವಾಹಿಲಿ ಪದಗಳಿಗೆ ಬೆಂಗಳೂರಿನಲ್ಲಿ ಕೊಡಲು ಏನು ಅಡ್ಡಿ? ಎಲ್ಲವನ್ನೂ ಬಿಡಬೇಕಿಲ್ಲ. ಕ್ಯಾಮರೂನಿನ ಜೈಲಿ ಅಮಾದು ಅಮಲ್ ಅವರ ಫ್ರೆಂಚ್ ಕಾದಂಬರಿಯಲ್ಲಿ ರಮ್ಲಾ, ಹಿಂದು, ಸಫಿರಾ ಎಂಬ ಮೂವರು ಹೆಂಗಸರಿಗೆ ಮನೆಯವರೆಲ್ಲ ಹೇಳುವ ಮಾತು ಅವರ ಫುಲಾನಿ ಭಾಷೆಯ ‘ಮುನ್ಯಾಲ್’, ಅಂದರೆ ತಾಳ್ಮೆ. ಬಲವಂತದ ಮದುವೆಗೂ ಮುನ್ಯಾಲ್, ಗಂಡನ ಹೊಡೆತಕ್ಕೂ ಮುನ್ಯಾಲ್, ಸವತಿ ಬಂದರೂ ಮುನ್ಯಾಲ್. ಮೊದಲ ಬಾರಿ ಬಂದಾಗ ಹಿರಿಯರೊಬ್ಬರ ಬಾಯಲ್ಲಿ ‘ತಾಳಿದವಳು ಬಾಳಿಯಾಳು’ ಎಂದು ಜೊತೆಗೆ ಹೇಳಿಸಿಬಿಟ್ಟರೆ ಮುಂದೆ ಬರೀ ‘ಮುನ್ಯಾಲ್’ ಎಂದರೂ ಯಾವ ಕನ್ನಡ ಹೆಣ್ಣುಮಗಳಿಗೂ ಅರ್ಥ ಕೇಳುವ ಅಗತ್ಯ ಬೀಳದು.

ಹೆಸರುಗಳ ಉಚ್ಚಾರ ಎಂಬುದೂ ಒಂದು ಗೋಳು. 2025ರ ಮೇ ತಿಂಗಳಲ್ಲಿ ತೀರಿಕೊಂಡ ಕೆನ್ಯಾದ ಹಿರಿಯ ಲೇಖಕರನ್ನು ನಾವು ‘ಗೂಗಿ ವಾ ಥಿಯಾಂಗೊ’ ಎಂದು ಬರೆದು ರೂಢಿಯಾಗಿದೆ. ಅವರ ಮಾತೃಭಾಷೆ ಗಿಕುಯುವಿನ ಬರವಣಿಗೆಯಲ್ಲಿ ಉ, ಇ ಅಕ್ಷರಗಳ ಮೇಲೆ ಅಲೆಗೆರೆ ಬಂದರೆ ಅವನ್ನು ಓ, ಏ ಎಂಬುದಕ್ಕೆ ಹತ್ತಿರವಾಗಿ ಉಚ್ಚರಿಸಬೇಕು. ಹಾಗಾಗಿ ಮೊದಲ ಹೆಸರು ‘ಂಗೋಗೆ’ಗೆ ಹತ್ತಿರ. ರೂಢಿ ಬಿಡಿಸುವುದು ಕಷ್ಟ, ಇರಲಿ. ಆದರೆ ಕೊನೆಯ ಹೆಸರಿನಲ್ಲಿ ಇರುವುದು ವರ್ಣಮಾಲೆಯಲ್ಲಿ ನಾವು ಕಲಿತು ಎಂದೂ ಬಳಸದ ‘ಙ’: ಥಿಯೊಙೊ. ಆ ಬಡಪಾಯಿ ಅಕ್ಷರಕ್ಕೆ ಕೊನೆಗೂ ಒಂದು ಉದ್ಯೋಗ ಸಿಕ್ಕೀತು. ಇಗ್ಬೋದ ಏರಿಳಿತವನ್ನು ಮಾತ್ರ ಕನ್ನಡ ಲಿಪಿ ಹಿಡಿಯಲಾರದು. ‘ಅಕ್ವಾ’ ಎಂಬುದು ಸ್ವರ ಬದಲಾದಂತೆ ಅಳು, ಬಟ್ಟೆ, ಮೊಟ್ಟೆ, ಹಾಸಿಗೆ ಎಂದಾಗುತ್ತದೆ. ಅದಕ್ಕೆ ಚಿಹ್ನೆ ಹುಟ್ಟುಹಾಕುವ ಸಾಹಸ ಬೇಡ. ಒಂದು ಪುಸ್ತಕದುದ್ದಕ್ಕೂ ಒಂದೇ ಕಾಗುಣಿತ ಇದ್ದರೆ ಸಾಕು.

ಅನುಮತಿಯ ಮಾತು. ಕೇನ್ ಪ್ರಶಸ್ತಿಯ ಕತೆಗಳು ಅಂತರ್ಜಾಲದಲ್ಲಿ ಓದಲು ಸಿಗುತ್ತವೆ, ಸರಿ. ಓದಲು ಬಿಟ್ಟಿ ಎಂದರೆ ಅನುವಾದಿಸಲು ಬಿಟ್ಟಿ ಎಂದಲ್ಲ. ‘ಕೃಪೆ: ಅಂತರ್ಜಾಲ’ ಎಂಬ ಸಾಲು ಯಾವ ಕಾನೂನಿನಲ್ಲೂ ಅನುಮತಿಪತ್ರವಲ್ಲ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ. 2013ರಲ್ಲಿ ತೀರಿಕೊಂಡ ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚೆಬೆ ಅವರ ಬರಹ 2073ರ ಕೊನೆಯವರೆಗೆ, ಗೂಗಿ ಅವರದು 2085ರ ಕೊನೆಯವರೆಗೆ. ಮೇಲೆ ಹೇಳಿದ ಉಳಿದವರೆಲ್ಲ ಬದುಕಿದ್ದಾರೆ. ಮೂಲ ಪ್ರಕಾಶಕರ ಹಕ್ಕು ವಿಭಾಗಕ್ಕೆ ಬರೆಯುವಾಗ ಭಾಷೆ ಕನ್ನಡ, ಪ್ರತಿ ಎಷ್ಟು, ಬೆಲೆ ಎಷ್ಟು, ಮುದ್ರಿತವೋ ಇ-ಪುಸ್ತಕವೋ ಎಂಬ ನಾಲ್ಕು ವಿವರ ಇರಬೇಕು. ಇವಿಲ್ಲದ ಕಾಗದಕ್ಕೆ ಉತ್ತರ ಬಾರದಿದ್ದರೆ ಆಶ್ಚರ್ಯವಿಲ್ಲ. ಲಂಡನ್, ನ್ಯೂಯಾರ್ಕ್ ದಾಟದೆಯೂ ಆಫ್ರಿಕಾ ನಮಗೆ ಸಿಗಬಲ್ಲದು ಎಂಬುದಕ್ಕೆ ಚೆನ್ನೈ ಸಾಕ್ಷಿ. ನೈಜೀರಿಯಾದ ಕಾನೋ ಪಟ್ಟಣದ ಸಂತೆಯಲ್ಲಿ ಮಾರುವ ಹೌಸಾ ‘ಪ್ರೇಮ ಪುಸ್ತಕ’ಗಳ ಹಿರಿಯ ಲೇಖಕಿ ಬಲರಾಬಾ ರಮತ್ ಯಾಕೂಬು ಅವರ ಕಾದಂಬರಿಯನ್ನು ಅಲಿಯು ಕಮಲ್ ಅವರ ಇಂಗ್ಲಿಷ್ ಅನುವಾದದಲ್ಲಿ 2012ರಲ್ಲಿ ಹೊರತಂದದ್ದು ಚೆನ್ನೈನ ಬ್ಲಾಫ್ಟ್ ಎಂಬ ಪುಟ್ಟ ಪ್ರಕಾಶನ.

ಕೊನೆಯದು ದಾರಿಯ ಪ್ರಶ್ನೆ. ಸಾರ್, ದಿಯೋಪ್, ಅಮಲ್ ಬರೆಯುವುದು ಫ್ರೆಂಚಿನಲ್ಲಿ. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಶೀರ್ಷಿಕೆ ಪುಟದಲ್ಲಿ ಇಂಗ್ಲಿಷ್ ಅನುವಾದಕರ ಹೆಸರು ಇರಲೇಬೇಕು. ಬಹಳ ಸಲ ಇರುವುದಿಲ್ಲ. ದಿಯೋಪ್ ಅವರ ಯುದ್ಧ ಕಾದಂಬರಿಯಲ್ಲಿ ಸೈನಿಕ ಅಲ್ಫಾ ಎನ್‌ಜಾಯ್ ಮಾತುಮಾತಿಗೂ ಆಣೆ ಹಾಕುತ್ತಾನೆ. ‘ದೇವರ ಸತ್ಯವಾಗಿಯೂ’ ಎಂದು ಒಂದೇ ಮಾತನ್ನು ನೂರು ಸಲ ಬರೆಯುವ ಧೈರ್ಯ ಕನ್ನಡ ಅನುವಾದಕನಿಗೆ ಇರಬೇಕು. ಪುನರುಕ್ತಿ ಎಂದು ಒಮ್ಮೆ ‘ನಿಜಕ್ಕೂ’, ಒಮ್ಮೆ ‘ಖಂಡಿತ’ ಎಂದು ಬದಲಿಸಿದರೆ ಅವನ ಪ್ರಾರ್ಥನೆ ಹೇಗೆ ಹುಚ್ಚಾಗುತ್ತಾ ಹೋಯಿತು ಎಂಬುದೇ ಗೊತ್ತಾಗುವುದಿಲ್ಲ. ಇಂಗ್ಲಿಷಿನ ಮೂಲಕ ಬರುವುದರಿಂದ ಏನೇನು ಕಳೆದಿರಬಹುದು ಎಂಬ ಬಗ್ಗೆ ಮುನ್ನುಡಿಯಲ್ಲಿ ಎರಡು ಸಾಲು ಬರೆದರೆ ಯಾರ ಗೌರವವೂ ಕುಂದದು. ‘ಪ್ಯಾರಡೈಸ್’ನಲ್ಲೇ ಕಾಲಸಿಂಗ ಎಂಬ ಸಿಖ್ ಮೆಕ್ಯಾನಿಕ್ ಇದ್ದಾನೆ. ಕುರಾನನ್ನು ಸ್ವಾಹಿಲಿಗೆ ಅನುವಾದಿಸುತ್ತೇನೆ ಎಂದು ಅವನ ಹಟ. ಅರಬಿ ಬಾರದ ನೀನು ಅದನ್ನು ಹೇಗೆ ಮಾಡುತ್ತೀಯ ಎಂದು ಮುಸ್ಲಿಂ ಗೆಳೆಯರು ನಗುತ್ತಾರೆ. ಇಂಗ್ಲಿಷ್ ಅನುವಾದದಿಂದ ಮಾಡುತ್ತೇನೆ ಎನ್ನುತ್ತಾನೆ ಕಾಲಸಿಂಗ, ಮುಖ ಸಿಂಡರಿಸಿಕೊಂಡು.

ಇಂತಿ,
ಒಬ್ಬ ಅನುವಾದಕ, ಶಿವಮೊಗ್ಗ